ಕಪ್ಪು ಮರಳು ಕಣ್ಣಿಗೆ, ಈಜಿಗೆ ಕೋನಾದ ಕಡಲು

ಹವಾಯಿಯ ಬಿಗ್ ಐಲ್ಯಾಂಡ್‌ಗೆ ಹೊರಡುವ ಪ್ರವಾಸಿಗರ ಪಟ್ಟಿಯಲ್ಲಿ ಪುನಲುಉ ಇದ್ದೇ ಇರುತ್ತದೆ. ಕಾದ ಲಾವಾ ಸಮುದ್ರಕ್ಕೆ ಇಳಿದು, ಸಿಡಿದು, ಚೂರಾಗಿ ಆದ ಕಪ್ಪು ಮರಳಿನ ದಂಡೆ ಅದು. ಅದರ ಮೇಲೆ ಹಸಿರು ಕಡಲಾಮೆಗಳು ಬಿಸಿಲು ಕಾಯುತ್ತ ಮಲಗಿರುತ್ತವೆ. ಇನ್ನೂ ದಕ್ಷಿಣಕ್ಕೆ ಪಾಪಕೋಲೆಯಾ. ಆಲಿವಿನ್ ಹರಳುಗಳಿಂದ ಅಲ್ಲಿನ ಮರಳು ಹಸಿರು. ಎರಡನ್ನೂ ನೋಡಲೇಬೇಕು, ಆದರೆ ಎರಡರಲ್ಲೂ ಈಜುವ ಆಸೆ ಬೇಡ. ತೆರೆದ ಸಾಗರದ ಅಲೆ, ಒಳಕ್ಕೆಳೆಯುವ ಸೆಳೆತ ಅಲ್ಲಿ ಬಲವಾಗಿವೆ.

ಈಜಲು ಹೋಗಬೇಕಾದದ್ದು ಪಶ್ಚಿಮಕ್ಕೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವನ್ನು 4,207 ಮೀಟರ್ ಎತ್ತರದ ಮೌನಾ ಕೆಯಾ ಮತ್ತು ಅದರಷ್ಟೇ ದೈತ್ಯವಾದ ಮೌನಾ ಲೋವಾ ಪರ್ವತಗಳು ತಡೆಯುತ್ತವೆ. ಮಳೆಯೆಲ್ಲ ಪೂರ್ವದ ಹೀಲೋ ಕಡೆ ಸುರಿದು, ಪಶ್ಚಿಮದ ಕೋನಾ ದಂಡೆ ಮಳೆನೆರಳಾಗುತ್ತದೆ. ಮಣ್ಣು ಹೊತ್ತು ತರುವ ಹೊಳೆಗಳಿಲ್ಲದೆ ಅಲ್ಲಿನ ನೀರು ತಿಳಿಯಾಗಿರುತ್ತದೆ. ಮರಳಿನ ಮೇಲೆ ನಡೆದು ನೀರಿಗಿಳಿಯಬೇಕೆನ್ನುವವರಿಗೆ ಹಾಪುನಾ ಇದೆ. ಹವಳ, ಚಿಪ್ಪುಗಳ ಪುಡಿಯಿಂದ ಆದ ಬಿಳಿ ಮರಳು ಅದು. ಚಳಿಗಾಲದಲ್ಲಿ ಮಾತ್ರ ವಾಯವ್ಯದ ದೊಡ್ಡ ಅಲೆಗಳು ಇದೇ ದಂಡೆಗೆ ಬಂದು ಬಡಿಯುತ್ತವೆ. ದಡದಲ್ಲೇ ಒಡೆಯುವ ಅಲೆ ಕುತ್ತಿಗೆ, ಬೆನ್ನು ಮುರಿಯಬಲ್ಲದು.

ಸ್ನಾರ್ಕೆಲಿಂಗ್‌ಗೆ ನನ್ನ ಆಯ್ಕೆ ಕಹಲುಉ. ಹಳೆಯ ಕಲ್ಲಿನ ತಡೆಗೋಡೆಯ ಹಿಂದೆ ನೀರು ಆಳವಿಲ್ಲ, ಹವಳದ ನಡುವೆ ಬಣ್ಣದ ಮೀನುಗಳು ಮುಖಕ್ಕೇ ಬರುತ್ತವೆ. ಅಭ್ಯಾಸವಾದ ಮೇಲೆ ಹೋನೌನೌ. ಲಾವಾ ಬಂಡೆಯ ಎರಡು ಮೆಟ್ಟಿಲಿಳಿದರೆ ಆಳ, ಅದಕ್ಕೇ ಜನ ಅದನ್ನು ಟೂ ಸ್ಟೆಪ್ ಎನ್ನುತ್ತಾರೆ. ಕ್ಯಾಪ್ಟನ್ ಕುಕ್ 1779ರಲ್ಲಿ ಕೊಲೆಯಾದ ಕೆಯಲಕೆಕುವಾ ಕೊಲ್ಲಿ ಇನ್ನೂ ಸೊಗಸು; ಕಡಿದಾದ ಕಾಲುದಾರಿ ಅಥವಾ ದೋಣಿ ಬೇಕು.

ಹಳೆಯ ಕೈಪಿಡಿಗಳನ್ನು ನಂಬಬೇಡಿ. ಅವು ಹೊಗಳುವ ಕಪೋಹೋ ಕೊಳಗಳನ್ನು 2018ರ ಜೂನ್‌ನಲ್ಲಿ ಕಿಲೌಯೆಯಾ ಜ್ವಾಲಾಮುಖಿಯ ಲಾವಾ ಪೂರ್ತಿ ಮುಚ್ಚಿತು. ಅದೇ ಸ್ಫೋಟ ಪೊಹೊಇಕಿಯಲ್ಲಿ ಹೊಸ ಕಪ್ಪು ದಂಡೆಯನ್ನು ಕಟ್ಟಿಕೊಟ್ಟಿತು. ಇಷ್ಟು ಹರೆಯದ ದ್ವೀಪದಲ್ಲಿ ದಂಡೆಯೇ ಹುಟ್ಟಿ ಅಳಿಯುತ್ತದೆ.

ಬದುಕಿರುವ ಹವಳದ ಮೇಲೆ ಕಾಲೂರಿದರೆ ಅದು ಸಾಯಬಹುದು, ಎಷ್ಟೇ ಸುಸ್ತಾದರೂ ನಿಲ್ಲಬಾರದು. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿರ್ಬಂಧಿಸಿದೆ. ತುಂಬುತೋಳಿನ ಈಜುಡುಗೆ ಅದಕ್ಕಿಂತ ಒಳ್ಳೆಯದು. ಆಮೆಯಿಂದ ಕನಿಷ್ಠ ಮೂರು ಮೀಟರ್ ದೂರವಿರಿ. ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಹೋಗಿ. ಹಾಪುನಾ, ಕಹಲುಉ ಎರಡರಲ್ಲೂ ಜೀವರಕ್ಷಕರಿರುತ್ತಾರೆ: ಅವರನ್ನು ಕೇಳದೆ ನೀರಿಗಿಳಿಯಬೇಡಿ.