ಹೋಮ್ ಥಿಯೇಟರ್ ಕಂಪ್ಯೂಟರ್ ಕ್ಯಾಬಿನೆಟ್

ಹೋಮ್ ಥಿಯೇಟರ್ ಕಂಪ್ಯೂಟರ್ ಕ್ಯಾಬಿನೆಟ್ ಎಂಬುದು ಟಿ.ವಿ.ಯ ಪಕ್ಕದಲ್ಲಿರಿಸಿ ಚಲನಚಿತ್ರ, ಸಂಗೀತ, ಛಾಯಾಚಿತ್ರ ಮೊದಲಾದವುಗಳಿಗಾಗಿ ಬಳಸುವ ಗಣಕಯಂತ್ರದ ಹೊರಕವಚವಾಗಿದೆ. ಮದರ್‌ಬೋರ್ಡ್, ಪ್ರೊಸೆಸರ್, ಹಾರ್ಡ್ ಡಿಸ್ಕ್, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮತ್ತು ಫ್ಯಾನ್‌ಗಳು ಇದರೊಳಗೆ ಇರುತ್ತವೆ. ಭಾರತದ ಮಾರುಕಟ್ಟೆಯಲ್ಲಿ ಇದಕ್ಕೆ ‘ಕ್ಯಾಬಿನೆಟ್’ ಎಂಬ ಹೆಸರೇ ರೂಢಿಯಲ್ಲಿದೆ. ಮಾತಿನಲ್ಲಿ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವವರೂ ಬಹಳ ಮಂದಿ. ವಾಸ್ತವವಾಗಿ ಸಿಪಿಯು ಎಂದರೆ ಒಳಗಿರುವ ಪ್ರೊಸೆಸರ್ ಮಾತ್ರ.

ಸಣ್ಣದು, ಅಗ್ಗವಾದದ್ದು, ಸದ್ದು ಮಾಡದ್ದು ಎಂಬ ಮೂರು ಗುಣಗಳನ್ನು ನೋಡಿ ಇಂತಹ ಕ್ಯಾಬಿನೆಟ್ಟನ್ನು ಆರಿಸುವುದು ವಾಡಿಕೆ. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಂತಹ ಬಿಸಿಲು ಮತ್ತು ಧೂಳಿನ ಸೀಮೆಯಲ್ಲಿ ಈ ಮೂರಕ್ಕಿಂತ ಮೊದಲು ಗಾಳಿಯ ಹರಿವನ್ನು ಗಮನಿಸಬೇಕಾಗುತ್ತದೆ.

ಹಿನ್ನೆಲೆ

ಟಿ.ವಿ.ಗೆ ಗಣಕಯಂತ್ರವನ್ನು ಜೋಡಿಸುವ ಪದ್ಧತಿ 2002ರ ನಂತರ ಹರಡಿತು. ಆ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿಯನ್ನು ಹೊರತಂದಿತು. ಎಚ್‌ಡಿಎಂಐ ಸಂಪರ್ಕದ ಮೊದಲ ಮಾನಕವೂ ಅದೇ ವರ್ಷದ ಕೊನೆಯಲ್ಲಿ ಪ್ರಕಟವಾಯಿತು. ಎಕ್ಸ್‌ಬಿಎಂಸಿ ಎಂಬ ಮುಕ್ತ ತಂತ್ರಾಂಶವು 2014ರಲ್ಲಿ ‘ಕೋಡಿ’ ಎಂದು ಮರುನಾಮಕರಣಗೊಂಡು ಇಂದಿಗೂ ಬಳಕೆಯಲ್ಲಿದೆ. ಆರಂಭದ ಕ್ಯಾಬಿನೆಟ್‌ಗಳು ಟೇಪ್ ಡೆಕ್, ಆಂಪ್ಲಿಫೈಯರ್‌ಗಳ ಹಾಗೆ ಅಗಲವಾಗಿ, ಅಡ್ಡಲಾಗಿ ಮಲಗುತ್ತಿದ್ದವು.

ಟಿ.ವಿ.ಯಲ್ಲಿಯೇ ಅಂತರ್ಜಾಲ ಬಂದ ಮೇಲೆ ಇಂತಹ ಗಣಕಯಂತ್ರದ ಅಗತ್ಯ ಕುಗ್ಗಿದೆ. ಆದರೂ ಇದು ಮರೆಯಾಗಿಲ್ಲ. ಮದುವೆ, ಕುಬಸ, ಜಾವಳಗಳ ವಿಡಿಯೋಗಳನ್ನು ಹಳೆಯ ಸಿ.ಡಿ., ಡಿ.ವಿ.ಡಿ.ಗಳಿಂದ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಂಡ ಮನೆಗಳಲ್ಲಿ, ಅಂತರ್ಜಾಲ ನಿಧಾನವಾಗಿರುವ ಊರುಗಳಲ್ಲಿ ಇದು ಉಪಯುಕ್ತವಾಗಿಯೇ ಉಳಿದಿದೆ. ಸಿನಿಮಾ ಅಳಿಸಿಹೋದರೆ ಮತ್ತೆ ಸಿಗುತ್ತದೆ. ತೀರಿಹೋದ ಹಿರಿಯರು ಇರುವ ಮದುವೆಯ ವಿಡಿಯೋ ಮತ್ತೆ ಸಿಗುವುದಿಲ್ಲ. ಆದ್ದರಿಂದ ಕ್ಯಾಬಿನೆಟ್ಟಿನ ಆಯ್ಕೆಯು ಅಂದಚಂದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಪ್ರದೇಶದ ಹವೆ ಮತ್ತು ಧೂಳು

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗವು ಸುಣ್ಣಕಲ್ಲಿನ ನೆಲ. ವಾಡಿ, ಸೇಡಂ ಮತ್ತು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಬಳಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದ್ ತನ್ನ ಹಾಸುಗಲ್ಲಿಗೆ ದೇಶದಾದ್ಯಂತ ಹೆಸರಾಗಿದ್ದು, ಕಲ್ಲುಗಣಿಗಳೂ ಕಲ್ಲು ಕೊಯ್ದು ನಯಗೊಳಿಸುವ ಘಟಕಗಳೂ ಸುತ್ತಲಿನ ಊರುಗಳಲ್ಲಿವೆ. ಕಲ್ಲು, ಸಿಮೆಂಟ್ ಹೊತ್ತ ಲಾರಿಗಳು ಓಡಾಡುವ ರಸ್ತೆಯ ಧೂಳು, ಬೇಸಗೆಯಲ್ಲಿ ಒಣಗಿದ ಎರೆಮಣ್ಣಿನ ಧೂಳು, ಚಳಿಗಾಲದಲ್ಲಿ ತೊಗರಿ ರಾಶಿ ಮಾಡುವಾಗಿನ ಹೊಟ್ಟು ಇವೆಲ್ಲ ಮನೆಯೊಳಗೆ ಬರುವುದು ಸಹಜ. ಚಿಂಚೋಳಿಯ ಕಾಡಿನಂಚಿನ ಹಳ್ಳಿಗಳಲ್ಲಿ ಸಿಮೆಂಟಿನ ಧೂಳು ಕಡಿಮೆ. ಅಲ್ಲಿ ಇರುವೆ, ಹಲ್ಲಿ, ಮಳೆಹುಳುಗಳ ಕಾಟ ಹೆಚ್ಚು. ಕ್ಯಾಬಿನೆಟ್ಟಿನ ಬೆಚ್ಚನೆಯ ಮೂಲೆ ಹಲ್ಲಿಗೆ ಬಹಳ ಪ್ರಿಯವಾದ ಸ್ಥಳ.

ಏಪ್ರಿಲ್–ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ. ಕಲ್ಲಿನ ಗೋಡೆ ಮತ್ತು ಹಾಸುಗಲ್ಲಿನ ಮಾಳಿಗೆಯ ಮನೆಗಳು ಹಗಲೆಲ್ಲ ಹೀರಿಕೊಂಡ ಶಾಖವನ್ನು ಸಂಜೆಯಿಂದ ರಾತ್ರಿಯವರೆಗೆ ಬಿಡುತ್ತವೆ. ಮನೆಮಂದಿ ಟಿ.ವಿ. ಮುಂದೆ ಕೂಡುವುದೂ ಅದೇ ಹೊತ್ತಿನಲ್ಲಿ. ಕ್ಯಾಬಿನೆಟ್ಟನ್ನು ಗೋಡೆಯ ಗೂಡಿನಲ್ಲಿ ಇರಿಸಿದ್ದರೆ ಮೂರು ಕಡೆಯಿಂದ ಬಿಸಿ ಕಲ್ಲೇ ಅದನ್ನು ಸುತ್ತುವರಿದಿರುತ್ತದೆ.

ಶಾಖದ ಲೆಕ್ಕ

ಕ್ಯಾಬಿನೆಟ್ಟಿನೊಳಗೆ ಖರ್ಚಾಗುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗುತ್ತದೆ. ಅದನ್ನು ಹೊರಗೆ ಒಯ್ಯುವುದು ಗಾಳಿ. ಸಿನಿಮಾ ತೋರಿಸುವಾಗ ಒಂದು ಗಣಕಯಂತ್ರ 60 ವಾಟ್ ಬಳಸುತ್ತದೆ ಎಂದು ಇಟ್ಟುಕೊಂಡರೆ, ನಿಮಿಷಕ್ಕೆ 20 ಘನ ಅಡಿ ಗಾಳಿ ಒಳಹೊಕ್ಕು ಹೊರಬಂದಾಗ ಒಳಗಿನ ಗಾಳಿಯು ಕೋಣೆಗಿಂತ ಸುಮಾರು 6 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಧೂಳು ಕಟ್ಟಿಕೊಂಡು ಗಾಳಿ 5 ಘನ ಅಡಿಗೆ ಇಳಿದರೆ ಏರಿಕೆ ಸುಮಾರು 23 ಡಿಗ್ರಿಯಾಗುತ್ತದೆ.

ತಂಪಾದ ದೇಶದಲ್ಲಿ 22 ಡಿಗ್ರಿಯ ಕೋಣೆಗೆ 23 ಸೇರಿಸಿದರೆ 45 ಡಿಗ್ರಿ. ಯಂತ್ರಕ್ಕೆ ಏನೂ ಆಗುವುದಿಲ್ಲ. ಸೇಡಂನ ಬೇಸಗೆಯ 40 ಡಿಗ್ರಿಗೆ 23 ಸೇರಿಸಿದರೆ 63 ಡಿಗ್ರಿ. ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಮೇಲ್ಮಿತಿ 60 ಡಿಗ್ರಿ. ಪ್ರೊಸೆಸರ್ 100 ಡಿಗ್ರಿಯ ಸಮೀಪಕ್ಕೆ ಬಂದಾಗ ತಾನೇ ವೇಗ ತಗ್ಗಿಸಿಕೊಂಡು ಬಚಾವಾಗುತ್ತದೆ. ಹಾರ್ಡ್ ಡಿಸ್ಕಿಗೆ ಅಂತಹ ಉಪಾಯವಿಲ್ಲ. ಅಂದರೆ ಕ್ಯಾಬಿನೆಟ್ಟಿನಲ್ಲಿ ಬೆಲೆಬಾಳುವ ಯಂತ್ರಭಾಗ ಉಳಿದುಕೊಂಡು, ಬೆಲೆ ಕಟ್ಟಲಾಗದ ವಿಡಿಯೋಗಳನ್ನು ಹೊತ್ತ ಭಾಗವೇ ಮೊದಲು ಕೆಡುವ ಸಂಭವವಿದೆ. ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯುಷ್ಯವೂ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ನಿಯಮ.

ಗಾತ್ರ ಮತ್ತು ಬೆಲೆ

ಕ್ಯಾಬಿನೆಟ್ಟಿನ ಗಾತ್ರವನ್ನು ಮೊದಲು ನಿರ್ಧರಿಸುವುದು ಮದರ್‌ಬೋರ್ಡ್. ಇಂಟೆಲ್ ಸಂಸ್ಥೆಯು 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನಕದ ಬೋರ್ಡು 305 × 244 ಮಿ.ಮೀ. ಇರುತ್ತದೆ. 1997ರ ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 × 244 ಮಿ.ಮೀ. ತೈವಾನಿನ ವಿಯಾ ಸಂಸ್ಥೆಯು 2001ರಲ್ಲಿ ಪರಿಚಯಿಸಿದ ಮಿನಿ ಐಟಿಎಕ್ಸ್ 170 × 170 ಮಿ.ಮೀ. ಚಿಕ್ಕ ಬೋರ್ಡನ್ನು ದೊಡ್ಡ ಕ್ಯಾಬಿನೆಟ್ಟಿನಲ್ಲಿ ಕೂಡಿಸಬಹುದು. ದೊಡ್ಡದನ್ನು ಚಿಕ್ಕದರಲ್ಲಿ ಕೂಡಿಸಲಾಗದು.

ಸಣ್ಣದಾದರೆ ಬೆಲೆಯೂ ಕಡಿಮೆ ಎಂಬ ಎಣಿಕೆ ಇಲ್ಲಿ ತಪ್ಪುತ್ತದೆ. ಹೆಚ್ಚು ಮಾರಾಟವಾಗುವ ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್ಟೇ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ಮಿನಿ ಐಟಿಎಕ್ಸ್‌ನಲ್ಲಿ ಕ್ಯಾಬಿನೆಟ್, ಮದರ್‌ಬೋರ್ಡ್, ಎಸ್‌ಎಂಪಿಎಸ್ ಮೂರಕ್ಕೂ ಹೆಚ್ಚು ಹಣ ತೆರಬೇಕಾಗುತ್ತದೆ. ಒಳಗಿನ ಜಾಗ ಕಡಿಮೆಯಾದಂತೆ ಫ್ಯಾನ್ ಚಿಕ್ಕದಾಗುತ್ತದೆ. ಚಿಕ್ಕ ಫ್ಯಾನ್ ಅಷ್ಟೇ ಗಾಳಿಯನ್ನು ತಳ್ಳಲು ಹೆಚ್ಚು ವೇಗವಾಗಿ ತಿರುಗಿ ಸದ್ದು ಮಾಡುತ್ತದೆ. 120 ಮಿ.ಮೀ. ಫ್ಯಾನ್ ನಿಧಾನವಾಗಿ ತಿರುಗಿಯೂ 80 ಮಿ.ಮೀ. ಫ್ಯಾನಿನ ಕೆಲಸವನ್ನು ಮಾಡಬಲ್ಲದು. ಆದ್ದರಿಂದ ಟಿ.ವಿ. ಕೆಳಗೆ ಸ್ಥಳವಿದ್ದರೆ 120 ಮಿ.ಮೀ. ಫ್ಯಾನ್ ಹಿಡಿಸುವ, ಅಡ್ಡಲಾಗಿ ಇಡಬಹುದಾದ ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್ ಈ ಸೀಮೆಗೆ ಹೊಂದುವ ಅಗ್ಗದ ಆಯ್ಕೆ.

ಕೊಳ್ಳುವ ಮುನ್ನ ಒಳಗಿನ ಎತ್ತರವನ್ನು ನೋಡಬೇಕು. ತೆಳುವಾದ ಕ್ಯಾಬಿನೆಟ್‌ಗಳಲ್ಲಿ ಎತ್ತರದ ಕೂಲರ್ ಹಿಡಿಸುವುದಿಲ್ಲ. ನಾಕ್ಟುವಾ ಸಂಸ್ಥೆಯ ಎನ್ಎಚ್-ಎಲ್9 ಮಾದರಿಯಂತಹ 37 ಮಿ.ಮೀ. ಕೂಲರ್‌ಗಳನ್ನೇ ಹುಡುಕಬೇಕಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುವವರು ಅರ್ಧ ಎತ್ತರದ ಕಾರ್ಡಿಗೆ ಮಾತ್ರ ಜಾಗವಿದೆಯೇ ಎಂದು ಕೇಳಬೇಕು. ಸಿನಿಮಾ ನೋಡುವುದಕ್ಕೆ ಮಾತ್ರವಾದರೆ ಪ್ರೊಸೆಸರಿನಲ್ಲಿಯೇ ಇರುವ ಗ್ರಾಫಿಕ್ಸ್ ಸಾಕು. ಡಿ.ವಿ.ಡಿ. ಡ್ರೈವ್ ಕೂಡ ಒಳಗೇ ಇರಬೇಕೆಂದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದಿದ್ದರೆ ಹಳೆಯ ಡಿಸ್ಕ್‌ಗಳನ್ನು ಇಳಿಸಿಕೊಂಡು ಎತ್ತಿಡಬಹುದು.

ಎಸ್‌ಎಂಪಿಎಸ್

ಅಗ್ಗದ ಕ್ಯಾಬಿನೆಟ್‌ಗಳು ಅನೇಕ ವೇಳೆ ಎಸ್‌ಎಂಪಿಎಸ್ ಸಮೇತವಾಗಿಯೇ ಬರುತ್ತವೆ. ಅದರ ಮೇಲೆ 450 ವಾಟ್ ಎಂಬ ಚೀಟಿ ಇದ್ದ ಮಾತ್ರಕ್ಕೆ ಅದು ಅಷ್ಟು ವಿದ್ಯುತ್ತನ್ನು ದೀರ್ಘಕಾಲ ಕೊಡುತ್ತದೆ ಎಂದು ನಂಬುವಂತಿಲ್ಲ. 2004ರಲ್ಲಿ ಆರಂಭವಾದ ‘80 ಪ್ಲಸ್’ ಪ್ರಮಾಣೀಕರಣವಿದ್ದರೆ ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಶೇ. 80ಕ್ಕೆ ಕಡಿಮೆಯಿಲ್ಲದಷ್ಟು ಯಂತ್ರಕ್ಕೆ ತಲುಪುತ್ತದೆ, ಉಳಿದದ್ದು ಶಾಖವಾಗುತ್ತದೆ ಎಂದು ಗ್ರಹಿಸಬಹುದು. ಈ ಪ್ರಮಾಣೀಕರಣವು ಕ್ಷಮತೆಯನ್ನು ಹೇಳುತ್ತದೆಯೇ ಹೊರತು ಬಾಳಿಕೆಯನ್ನಲ್ಲ.

ಆಕಾರದ ವಿಷಯವೂ ಮುಖ್ಯ. ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ ಇದ್ದು ಎಲ್ಲ ಕಡೆ ಸಿಗುತ್ತದೆ. ಎಸ್ಎಫ್ಎಕ್ಸ್ (125 × 63.5 × 100 ಮಿ.ಮೀ.) ಮತ್ತು ಟಿಎಫ್ಎಕ್ಸ್ (85 × 65 × 175 ಮಿ.ಮೀ.) ಸಣ್ಣ ಊರುಗಳ ಅಂಗಡಿಗಳಲ್ಲಿ ವಿರಳ. ಕೆಲವು ಕ್ಯಾಬಿನೆಟ್‌ಗಳಲ್ಲಿ ಯಾವ ಮಾನಕಕ್ಕೂ ಸೇರದ ಎಸ್‌ಎಂಪಿಎಸ್ ಇರುತ್ತದೆ. ಅದು ಸುಟ್ಟುಹೋದರೆ ಕ್ಯಾಬಿನೆಟ್ಟೇ ನಿರುಪಯುಕ್ತ. ಸೇಡಂ, ಚಿತ್ತಾಪುರದವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಹೈದರಾಬಾದು ಹತ್ತಿರ. ವಾಡಿ–ಸಿಕಂದರಾಬಾದ್ ರೈಲುಮಾರ್ಗದಲ್ಲಿಯೇ ಈ ಎರಡೂ ಊರುಗಳಿದ್ದು, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಗಣಕಯಂತ್ರದ ಭಾಗಗಳಿಗೆ ಪ್ರಸಿದ್ಧವಾಗಿದೆ. ಆದರೂ ಒಂದು ಎಸ್‌ಎಂಪಿಎಸ್ಸಿಗಾಗಿ ರೈಲು ಹತ್ತುವ ಪ್ರಸಂಗವನ್ನು ಕೊಳ್ಳುವಾಗಲೇ ತಪ್ಪಿಸಿಕೊಳ್ಳುವುದು ಜಾಣತನ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಇನ್ನೊಂದು ಸಂಗತಿ ಉಂಟು. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಸಂಗ್ರಹದಿಂದ ಯಂತ್ರವನ್ನು ನಡೆಸಬಲ್ಲ ಕಾಲ ಪೂರ್ಣ ಹೊರೆಯಲ್ಲಿ ಕೇವಲ 16 ಮಿಲಿಸೆಕೆಂಡಿನಷ್ಟು. ಅನೇಕ ಇನ್ವರ್ಟರ್‌ಗಳು ಸಾಮಾನ್ಯ ಸ್ಥಿತಿಯಲ್ಲಿ ಅದಕ್ಕಿಂತ ತಡವಾಗಿ ಬದಲಾಗುತ್ತವೆ. ಯಂತ್ರ ಆರಿ ಮತ್ತೆ ಹೊತ್ತುತ್ತದೆ. ಇನ್ವರ್ಟರಿನಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇದ್ದರೆ ಅದನ್ನು ಆರಿಸಿಕೊಳ್ಳಬೇಕು.

ಲೋಹದ ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದ ಹಳೆಯ ಮನೆಗಳಲ್ಲಿ ಕಂಡುಬರುತ್ತದೆ. ಎಸ್‌ಎಂಪಿಎಸ್ಸಿನ ಶೋಧಕ ಕೆಪಾಸಿಟರ್‌ಗಳ ಮೂಲಕ ಕವಚಕ್ಕೆ 230 ವೋಲ್ಟಿನ ಅರ್ಧದಷ್ಟು ವೋಲ್ಟೇಜ್, ಅತಿ ಅಲ್ಪ ಪ್ರಮಾಣದ ಕರೆಂಟಿನೊಂದಿಗೆ ಬರುವುದು ಇದಕ್ಕೆ ಕಾರಣ. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ತಂತಿಯನ್ನು ಸಿಕ್ಕಿಸಿದರೆ ಟಿ.ವಿ.ಯ ಪೋರ್ಟ್ ಸುಡಬಹುದು. ಮೂರು ಪಿನ್ನಿನ ಪ್ಲಗ್ಗಿಗೆ ನಿಜವಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸುವುದು ಒಳ್ಳೆಯ ಕ್ಯಾಬಿನೆಟ್ ಕೊಳ್ಳುವುದಕ್ಕಿಂತ ಮೊದಲ ಕೆಲಸ.

ಫ್ಯಾನ್ ಇಲ್ಲದ ಮತ್ತು ಅತಿ ಸಣ್ಣ ಪೆಟ್ಟಿಗೆಗಳು

ಕವಚವನ್ನೇ ಅಲ್ಯೂಮಿನಿಯಂ ರೆಕ್ಕೆಗಳಿಂದ ಮಾಡಿ ಫ್ಯಾನ್ ಇಲ್ಲದೆ ಶಾಖವನ್ನು ಹೊರಹಾಕುವ ಕ್ಯಾಬಿನೆಟ್‌ಗಳೂ ಇವೆ. ಫ್ಯಾನ್ ಇಲ್ಲದಿದ್ದರೆ ಧೂಳನ್ನು ಒಳಗೆಳೆಯುವವರೂ ಇಲ್ಲ. ಆದರೆ 40 ಡಿಗ್ರಿಯ ಕೋಣೆಯಲ್ಲಿ ಇವು ನಡೆಯಬೇಕಾದರೆ ಪ್ರೊಸೆಸರ್ ಬಹಳ ಕಡಿಮೆ ವಿದ್ಯುತ್ತಿನದಾಗಿರಬೇಕು. ಇಂಟೆಲ್ ಎನ್100ರಂತಹ 6 ವಾಟ್ ವರ್ಗದ ಪ್ರೊಸೆಸರಿಗೆ ಇದು ಒಪ್ಪುತ್ತದೆ. 65 ವಾಟಿನದಕ್ಕೆ ಒಪ್ಪುವ ಫ್ಯಾನ್‌ರಹಿತ ಕವಚ ದುಬಾರಿ.

ಕಚೇರಿಗಳಿಂದ ಹೊರಬಿದ್ದ, ಸುಮಾರು 1 ಲೀಟರ್ ಗಾತ್ರದ ಪುಟ್ಟ ಡೆಸ್ಕ್‌ಟಾಪ್‌ಗಳು ನವೀಕೃತ ಸ್ಥಿತಿಯಲ್ಲಿ ಮಾರಾಟಕ್ಕೆ ಸಿಗುತ್ತವೆ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ ಈ ಬಗೆಯವು. ಕ್ಯಾಬಿನೆಟ್ಟನ್ನು ಬೇರೆಯಾಗಿ ಹುಡುಕುವ ಶ್ರಮವೇ ಇರುವುದಿಲ್ಲ. ಇವುಗಳ ವಿದ್ಯುತ್ ಅಡಾಪ್ಟರ್ ಹೊರಗಡೆ ಇರುವುದರಿಂದ ಅಷ್ಟು ಶಾಖ ಪೆಟ್ಟಿಗೆಯೊಳಗೆ ಬರುವುದಿಲ್ಲ. ಒಳಗಿನ ಏಕೈಕ ಸಣ್ಣ ಫ್ಯಾನ್ ಮಾತ್ರ ಧೂಳಿಗೆ ಬೇಗ ಕಟ್ಟಿಕೊಳ್ಳುತ್ತದೆ. ಹೊಸ ಕ್ಯಾಬಿನೆಟ್, ಬೋರ್ಡು, ಎಸ್‌ಎಂಪಿಎಸ್ ಎಲ್ಲವನ್ನೂ ಕೂಡಿಸಿ ನೋಡಿದರೆ ಸಾಧಾರಣ ಮನೆಗೆ ಇದೇ ಅಗ್ಗ. 75 ಅಥವಾ 100 ಮಿ.ಮೀ. ಅಂತರದ ವೀಸಾ ರಂಧ್ರಗಳುಳ್ಳ ಟಿ.ವಿ.ಯ ಹಿಂಬದಿಗೆ ಇದನ್ನು ತೂಗುಹಾಕಬಹುದಾದರೂ, ಟಿ.ವಿ.ಯ ಶಾಖ ನೇರವಾಗಿ ತಾಗುವ ಆ ಸ್ಥಳ ಇಲ್ಲಿಯ ಬೇಸಗೆಗೆ ತಕ್ಕದ್ದಲ್ಲ.

ಜಾಲರಿ ಮತ್ತು ಶುಚಿಗೊಳಿಸುವಿಕೆ

ಗಾಳಿ ಒಳಬರುವ ಕಿಂಡಿಗೆ ತೆಗೆದು ತೊಳೆಯಬಹುದಾದ ಜಾಲರಿ ಇರುವ ಕ್ಯಾಬಿನೆಟ್ಟನ್ನು ಆರಿಸಬೇಕು. ಒಳತಳ್ಳುವ ಗಾಳಿ ಹೊರತಳ್ಳುವುದಕ್ಕಿಂತ ಸ್ವಲ್ಪ ಹೆಚ್ಚಾಗಿದ್ದರೆ ಸಂದುಗೊಂದುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ನುಗ್ಗುವುದಿಲ್ಲ. ಸೊಳ್ಳೆಪರದೆಯ ಬಟ್ಟೆಯನ್ನು ಕಿಂಡಿಗೆ ಕಟ್ಟುವ ಉಪಾಯ ಹುಳ, ಹಲ್ಲಿ, ನೂಲಿನ ಎಳೆಗಳನ್ನು ತಡೆಯುತ್ತದೆ. ಸಿಮೆಂಟಿನ ಕಣಗಳಲ್ಲಿ ಹೆಚ್ಚಿನವು 90 ಮೈಕ್ರಾನಿಗಿಂತ ಸಣ್ಣವು. ಸೊಳ್ಳೆಪರದೆಯ ಕಣ್ಣು ಒಂದು ಮಿಲಿಮೀಟರಿನಷ್ಟು ದೊಡ್ಡದು. ಹೀಗಾಗಿ ಅದು ಕಲ್ಲಿನ ಧೂಳಿಗೆ ಮದ್ದಲ್ಲ. ತೆಳು ಫೋಮ್ ಇನ್ನಷ್ಟು ತಡೆಯುತ್ತದೆ, ಗಾಳಿಯನ್ನೂ ಅಷ್ಟೇ ತಡೆಯುತ್ತದೆ.

ಕ್ಯಾಬಿನೆಟ್ಟಿನ ಹಿಂದೆ ಮತ್ತು ಮೇಲೆ ಕನಿಷ್ಠ 10 ಸೆಂ.ಮೀ. ತೆರವು ಬೇಕು. ನೆಲದ ಮೇಲೆ ಇಡಬಾರದು. ಕಸ ಗುಡಿಸುವಾಗ ಏಳುವ ಧೂಳು ಮೊದಲು ಹೋಗುವುದು ಅಲ್ಲಿಗೇ. ಧೂಳು ಬೀಳದಿರಲೆಂದು ಬಟ್ಟೆಯ ಹೊದಿಕೆ ಹಾಕುವವರು ಯಂತ್ರ ನಡೆಯುವಾಗ ಅದನ್ನು ಮರೆಯದೆ ತೆಗೆಯಬೇಕು.

ಶುಚಿಗೊಳಿಸುವಾಗ ಪ್ಲಗ್ ಕಳಚಿ, ಅಂಗಳದಲ್ಲಿ ಬ್ಲೋವರಿನಿಂದ ಊದಬೇಕು. ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಳ್ಳದಿದ್ದರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಸಲ್ಲದು. ಸಾಮಾನ್ಯ ಮಣ್ಣಿನ ಧೂಳು ಒರೆಸಿದರೆ ಹೋಗುತ್ತದೆ. ಸಿಮೆಂಟಿನ ಧೂಳು ತೇವ ತಾಗಿದರೆ ಗಟ್ಟಿಯಾಗಿ ಕೂಲರಿನ ಹಲ್ಲುಗಳ ನಡುವೆ ಕಚ್ಚಿಕೊಳ್ಳುತ್ತದೆ. ಮಳೆಗಾಲದ ತೇವಾಂಶದ ಗಾಳಿಯಿಂದಲೂ ಇದು ನಿಧಾನವಾಗಿ ಆಗುವುದರಿಂದ ಮುಂಗಾರಿಗೆ ಮೊದಲೇ, ಮೇ ಕೊನೆಯ ವಾರದಲ್ಲಿ ಒಮ್ಮೆ, ತೊಗರಿ ರಾಶಿ ಮುಗಿದ ಮೇಲೆ ಇನ್ನೊಮ್ಮೆ ಶುಚಿಗೊಳಿಸುವುದು ಈ ಭಾಗದಲ್ಲಿ ಅನುಕೂಲ. ಹಾರ್ಡ್ ಡಿಸ್ಕಿನ ಉಷ್ಣತೆಯನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಅದು 55 ಡಿಗ್ರಿ ತೋರಿಸಿದ ದಿನ ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಬೇಕು. ಯಂತ್ರ ತಣಿದ ಮೇಲೆ ಮನೆಯ ವಿಡಿಯೋಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿಕೊಂಡು, ನಂತರ ಮುಚ್ಚಳ ಬಿಚ್ಚಬೇಕು.