ಒತ್ತಕ್ಷರದ ತಪ್ಪಿನಿಂದ ಸಂಶೋಧನಾ ಪ್ರಸ್ತಾವನೆಯವರೆಗೆ

ಎಂ.ಎಡ್. ಪ್ರಶಿಕ್ಷಣಾರ್ಥಿಗಳು ಲಘುಪ್ರಬಂಧಕ್ಕೆ ವಿಷಯ ಹುಡುಕಲು ಮೊದಲು ಹೋಗುವುದು ಗ್ರಂಥಾಲಯದ ಹಳೆಯ ಲಘುಪ್ರಬಂಧಗಳ ಕಪಾಟಿಗೆ. ಒಂದು ಶೀರ್ಷಿಕೆ ಆರಿಸಿ, ತಾಲ್ಲೂಕಿನ ಹೆಸರು ಬದಲಿಸಿ ತರುತ್ತಾರೆ. ಆ ಕಪಾಟು ಬೇಕು. ಆದರೆ ಎರಡನೆಯ ಹೆಜ್ಜೆಗೆ. ಮೊದಲ ಹೆಜ್ಜೆಗೆ ನಾನು ಅವರನ್ನು ಕಳುಹಿಸುವುದು ಅವರದೇ ಬೋಧನಾಭ್ಯಾಸದ ದಿನಚರಿಗೆ.

ಒಬ್ಬರು ತಂದ ಶೀರ್ಷಿಕೆ ಹೀಗಿತ್ತು: ‘ಪ್ರಾಥಮಿಕ ಶಾಲಾ ಮಕ್ಕಳ ಭಾಷಾ ಕೌಶಲಗಳ ಮೇಲೆ ಮನೆಭಾಷೆಯ ಪರಿಣಾಮ – ಒಂದು ಅಧ್ಯಯನ’. ತರಗತಿಯಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದು ಏನು ಎಂದು ಕೇಳಿದೆ. “ಸರ್, ಐದನೇ ಕ್ಲಾಸಿನ ಮಕ್ಕಳು ‘ಸೂರ್ಯ’ ಅನ್ನೋದನ್ನ ‘ಸೂಯ್ರ’ ಅಂತ ಬರೀತಾರೆ. ಓದು ಅಂದ್ರೆ ಮಾತ್ರ ಸರಿಯಾಗೇ ಓದ್ತಾರೆ” ಎಂದರು. ಪ್ರಸ್ತಾವನೆ ಹುಟ್ಟಬೇಕಾದದ್ದು ಈ ಮಾತಿನಿಂದ, ಆ ಶೀರ್ಷಿಕೆಯಿಂದಲ್ಲ. ಅರ್ಕಾವತ್ತಿನಲ್ಲಿ ಮೊದಲು ಉಚ್ಚರಿಸುವ ರಕಾರದ ಚಿಹ್ನೆ ಮುಂದಿನ ವ್ಯಂಜನದ ನಂತರ ಬರುತ್ತದೆ. ಕಿವಿಗೆ ಬಿದ್ದ ಕ್ರಮ ಒಂದು, ಕಣ್ಣಿಗೆ ಕಂಡ ಕ್ರಮ ಇನ್ನೊಂದು. ಮಗು ಎಡವುವುದಕ್ಕೆ ಇಲ್ಲೊಂದು ಕಾರಣ ಇರಬಹುದು. ‘ಇರಬಹುದು’ ಎಂಬಲ್ಲಿಯೇ ಸಂಶೋಧನೆಗೆ ಜಾಗವಿದೆ.

‘ಭಾಷಾ ಕೌಶಲಗಳು’ ಎಂದರೆ ಆಲಿಸುವುದು, ಮಾತು, ಓದು, ಬರಹ ನಾಲ್ಕೂ. ಸೆಮಿಸ್ಟರ್ ಪರೀಕ್ಷೆಗಳ ನಡುವೆ ಸಿಗುವ ಕೆಲವೇ ತಿಂಗಳಲ್ಲಿ ಒಬ್ಬರೇ ನಾಲ್ಕನ್ನೂ ಅಳೆಯಲಾರರು. ಒತ್ತಕ್ಷರಗಳ ಉಕ್ತಲೇಖನವನ್ನಷ್ಟೇ ಇಟ್ಟುಕೊಂಡೆವು. ‘ಪರಿಣಾಮ’ ಎಂಬ ಪದವನ್ನು ಮಾತ್ರ ನಾನೇ ಹೊಡೆದುಹಾಕಿದೆ. ಪ್ರಶಿಕ್ಷಣಾರ್ಥಿಗಳ ಶೀರ್ಷಿಕೆಗಳಲ್ಲಿ ಇದರಷ್ಟು ಅಗ್ಗವಾಗಿ ಬಳಕೆಯಾಗುವ ಪದ ಇನ್ನೊಂದಿಲ್ಲ. ಮಗುವಿನ ಮನೆಭಾಷೆಯನ್ನು ನಾವು ಬದಲಿಸಿ ನೋಡಲಾಗದು. ಮನೆಯಲ್ಲಿ ಕನ್ನಡ ಆಡುವ ಮಕ್ಕಳನ್ನೂ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳನ್ನೂ ಹೋಲಿಸಬಹುದು, ಅಷ್ಟೆ. ವ್ಯತ್ಯಾಸ ಕಂಡರೂ ಅದು ಮನೆಭಾಷೆಯಿಂದಲೇ ಬಂತೇ, ಹಾಜರಾತಿಯಿಂದ ಬಂತೇ, ಮನೆಯಲ್ಲಿ ಓದಿಸುವವರು ಇಲ್ಲದ್ದರಿಂದ ಬಂತೇ ಎಂದು ಈ ವಿನ್ಯಾಸ ಹೇಳದು. ‘ಪರಿಣಾಮ’ ಎಂದು ಬರೆದ ಪ್ರಬಂಧವನ್ನು ನಾಳೆ ಶಿಕ್ಷಕರೊಬ್ಬರು ಓದಿ, ‘ಲಂಬಾಣಿ ಮಕ್ಕಳಿಗೆ ಒತ್ತಕ್ಷರ ಬರುವುದಿಲ್ಲ’ ಎಂದು ತೀರ್ಮಾನಿಸಿಬಿಟ್ಟರೆ ಅದರ ಹೊರೆ ಹೊರುವುದು ಮಗು.

ಮುಂದಿನದು ಕಾರ್ಯಾತ್ಮಕ ವ್ಯಾಖ್ಯೆ. ಯಾವುದನ್ನು ‘ಒತ್ತಕ್ಷರದ ತಪ್ಪು’ ಎಂದು ಎಣಿಸುತ್ತೀರಿ? ‘ಹಳ್ಳಿ’ಯನ್ನು ‘ಹಳಿ’ ಎಂದು ಬರೆದರೆ ತಪ್ಪು. ‘ಪುಸ್ತಕ’ವನ್ನು ‘ಪೂಸ್ತಕ’ ಎಂದು ಬರೆದರೆ ಅದು ತಪ್ಪೇ, ಆದರೆ ಒತ್ತಕ್ಷರದ್ದಲ್ಲ. ಇದನ್ನು ಮೊದಲೇ ಬರೆದಿಡದಿದ್ದರೆ ಮೌಲ್ಯಮಾಪನದ ಮೊದಲ ದಿನ ಒಂದು ನಿಯಮ, ಮೂರನೇ ದಿನ ಇನ್ನೊಂದು ನಿಯಮ. ಪದಗಳನ್ನು ನಾಲ್ಕು ಗುಂಪು ಮಾಡಿದೆವು: ಸಜಾತೀಯ (ಹಳ್ಳಿ), ವಿಜಾತೀಯ (ಪುಸ್ತಕ), ಅರ್ಕಾವತ್ತು (ಸೂರ್ಯ), ಮೂರು ವ್ಯಂಜನ ಕೂಡಿದವು (ರಾಷ್ಟ್ರ). ಗುಂಪಿಗೆ 10ರಂತೆ 40 ಪದ. ನಾಲ್ಕು ಶಾಲೆ, ಶಾಲೆಗೆ 30 ಮಕ್ಕಳಂತೆ 120 ಮಕ್ಕಳು. ಅಂದರೆ 4,800 ಪದಗಳನ್ನು ಒಂದೊಂದಾಗಿ ನೋಡಬೇಕು. ಈ ಗುಣಾಕಾರವನ್ನು ಪ್ರಸ್ತಾವನೆಯ ಹಂತದಲ್ಲೇ ಮಾಡಿ ನೋಡಿ; ಮಾದರಿ 600 ಎಂದು ಬರೆಯುವ ಉತ್ಸಾಹ ತಾನೇ ಇಳಿಯುತ್ತದೆ.

ಉಪಕರಣದ ಭಾಗದಲ್ಲಿ ‘ಸಂಶೋಧಕರೇ ರಚಿಸಿದ ಪರೀಕ್ಷೆ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಪದಗಳನ್ನು ಮಕ್ಕಳು ಈಗಾಗಲೇ ಓದಿ ಮುಗಿಸಿದ ಪಠ್ಯಗಳಿಂದ ಆಯ್ದದ್ದೇ? ನಾಲ್ಕೂ ಶಾಲೆಯಲ್ಲಿ ಹೇಳಿ ಬರೆಸುವವರು ಒಬ್ಬರೇನಾ? ಒಂದು ಕಡೆ ‘ಸೂ-ರ್-ಯ’ ಎಂದು ಬಿಡಿಸಿ ಹೇಳಿ, ಇನ್ನೊಂದು ಕಡೆ ಸಹಜವಾಗಿ ಹೇಳಿದರೆ ಅಳೆದದ್ದು ಮಕ್ಕಳನ್ನಲ್ಲ, ಹೇಳಿದವರನ್ನು. ಪದವನ್ನು ಎರಡು ಸಲ, ಸಹಜ ಉಚ್ಚಾರಣೆಯಲ್ಲಿ ಹೇಳುವುದು ಎಂಬುದೂ ಪ್ರಸ್ತಾವನೆಯಲ್ಲಿರಲಿ. ಮಾದರಿಗೆ ಸೇರದ ಐದನೆಯ ಶಾಲೆಯಲ್ಲಿ ಪೂರ್ವಪರೀಕ್ಷೆ, ಮತ್ತು 24 ಉತ್ತರಪತ್ರಿಕೆಗಳನ್ನು ಇನ್ನೊಬ್ಬರಿಂದಲೂ ಸ್ವತಂತ್ರವಾಗಿ ತಿದ್ದಿಸಿ ಹೋಲಿಸುವುದು, ಇವೆರಡನ್ನೂ ಸೇರಿಸಿದೆವು.

ಪ್ರಾಕ್ಕಲ್ಪನೆಯ ಬಗ್ಗೆ ನನ್ನದೊಂದು ತಕರಾರಿದೆ. ಎಲ್ಲ ಉದ್ದೇಶಕ್ಕೂ ಒಂದೊಂದು ಶೂನ್ಯ ಪ್ರಾಕ್ಕಲ್ಪನೆ ಅಂಟಿಸುವ ರೂಢಿ ನಮ್ಮಲ್ಲಿದೆ. ‘ಯಾವ ಗುಂಪಿನ ಪದಗಳಲ್ಲಿ ಎಷ್ಟು ತಪ್ಪು?’ ಎಂಬುದು ವರ್ಣನಾತ್ಮಕ ಪ್ರಶ್ನೆ. ಶೇಕಡಾವಾರು ಸಾಕು, ಪ್ರಾಕ್ಕಲ್ಪನೆ ಬೇಡ. ಕನ್ನಡ ಮನೆಭಾಷೆಯವರ ಮತ್ತು ಇತರರ ಸರಾಸರಿಗಳನ್ನು ಹೋಲಿಸುವಲ್ಲಿ ಅದು ಬೇಕು. ಎರಡೇ ಗುಂಪಾದ್ದರಿಂದ ಟಿ-ಪರೀಕ್ಷೆ ಸಾಕು, ಭಾಷೆವಾರು ಮೂರು ನಾಲ್ಕು ಗುಂಪಾದರೆ ಅನೋವಾ. ಆದರೆ 120ರಲ್ಲಿ ಇತರ ಭಾಷೆಯ ಮಕ್ಕಳು ಒಂಬತ್ತೇ ಜನ ಇದ್ದರೆ? ಅದಕ್ಕೇ ಶಾಲೆ ಆರಿಸುವ ಮುನ್ನ ದಾಖಲಾತಿ ವಹಿಯಲ್ಲಿ ಮಾತೃಭಾಷೆಯ ಕಲಂ ನೋಡಿ, ತರಗತಿ ಶಿಕ್ಷಕರನ್ನೂ ವಿಚಾರಿಸಿ ಬರಲು ಹೇಳಿದೆ.

ಹಳೆಯ ಕಪಾಟಿಗೆ ಹೋಗುವ ಸಮಯ ಈಗ. ಶೋಧಗಂಗಾದಲ್ಲಿ ಸಿಗುವುದು ಮುಖ್ಯವಾಗಿ ಪಿಎಚ್.ಡಿ. ಮಹಾಪ್ರಬಂಧಗಳು, ಎಂ.ಎಡ್. ಲಘುಪ್ರಬಂಧಗಳಿಗೆ ಕಾಲೇಜುಗಳ ಗ್ರಂಥಾಲಯವೇ ಗತಿ. ಹಿಂದಿನ ಸಂಶೋಧನೆಗಳ ಜಾಡು ಹಿಡಿಯಲು ಎಂ.ಬಿ. ಬುಚ್ ಅವರು ಸಂಪಾದಿಸಿದ ಶೈಕ್ಷಣಿಕ ಸಂಶೋಧನೆಯ ಸಮೀಕ್ಷೆಯೂ (ಮೊದಲ ಸಂಪುಟ 1974) ಇದೆ. ಹದಿನೈದು ಅಧ್ಯಯನಗಳ ಸಾರಾಂಶವನ್ನು ಸಾಲಾಗಿ ಜೋಡಿಸಬೇಡಿ. ಇವರು ಇಷ್ಟು ಮಾಡಿದ್ದಾರೆ, ಇಂಥದ್ದು ಉಳಿದಿದೆ ಎಂದು ತೋರಿಸುವ ಐದೇ ಇದ್ದರೂ ಸಾಕು.

ಕಾಲಪಟ್ಟಿಯನ್ನು ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ಬರೆಯಿರಿ. ಅಕ್ಟೋಬರ್‌ನಲ್ಲಿ ದಸರಾ ರಜೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿಪತ್ರಕ್ಕೂ ದಿನಗಳು ಹಿಡಿಯುತ್ತವೆ. ಉತ್ತರಪತ್ರಿಕೆಗಳಲ್ಲಿ ಮಕ್ಕಳ ಹೆಸರಿನ ಬದಲು ಸಂಕೇತ ಸಂಖ್ಯೆ ಇರಲಿ. ಒಂದು ತರಗತಿಯ ಒಂದು ಅವಧಿಯನ್ನು ನಾವು ತೆಗೆದುಕೊಳ್ಳುತ್ತಿದ್ದೇವೆ. ಬದಲಿಗೆ ಆ ತರಗತಿಯ ಮಕ್ಕಳು ಯಾವ ಒತ್ತಕ್ಷರದಲ್ಲಿ ಹೆಚ್ಚು ಎಡವುತ್ತಾರೆ ಎಂಬ ಒಂದು ಪುಟದ ಪಟ್ಟಿಯನ್ನು ಶಿಕ್ಷಕರಿಗೆ ಹದಿನೈದು ದಿನದೊಳಗೆ ತಲುಪಿಸುವುದಾಗಿ ಪ್ರಸ್ತಾವನೆಯ ಕೊನೆಯ ಪುಟದಲ್ಲಿ ಬರೆಸಿದ್ದೇನೆ.