ಬೀದಿಮರದ ಕೊಂಬೆಯೂ ಸನ್ನೆಯ ನಿಯಮವೂ

ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿರುಗಾಳಿಯೊಡನೆ ಮಳೆ ಸುರಿದ ಮರುದಿನ, ಬೆಂಗಳೂರಿನ ಬೀದಿಗಳಲ್ಲಿ ಮುರಿದು ಬಿದ್ದ ಕೊಂಬೆಗಳನ್ನು ನಾವು ಕಾಣುತ್ತೇವೆ. ಅವುಗಳಡಿ ಸಿಕ್ಕಿ ದಾರಿಹೋಕರೂ ಸವಾರರೂ ಪ್ರಾಣ ಕಳೆದುಕೊಳ್ಳುವುದುಂಟು. 6 ಮೀಟರು ಎತ್ತರದಿಂದ ಕಳಚಿ ಬಿದ್ದ ಕೊಂಬೆ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಗಂಟೆಗೆ ಸುಮಾರು 39 ಕಿಲೋಮೀಟರು ವೇಗದಿಂದ ನೆಲವನ್ನು ಮುಟ್ಟುತ್ತದೆ. ಆದುದರಿಂದ ಬೀದಿಮರಗಳನ್ನು ಸವರುವುದು ಅವಶ್ಯ. ಆದರೆ ಎಲ್ಲಿ ಮತ್ತು ಯಾವಾಗ ಸವರಬೇಕೆಂಬುದನ್ನು ಅರಿಯದೆ ಕೊಡಲಿ ಬೀಸಿದರೆ ಅಪಾಯವು ತಗ್ಗುವುದಕ್ಕೆ ಬದಲು ಹೆಚ್ಚುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಪರಿಶೀಲಿಸೋಣ.

ಅಡ್ಡಲಾಗಿ ಚಾಚಿದ ಕೊಂಬೆ ಒಂದು ಸನ್ನೆಯಂತೆ. ಅದನ್ನು ಬುಡದಲ್ಲಿ ಬಾಗಿಸುವ ಪ್ರಭಾವವು ಭಾರವನ್ನೂ ಕಾಂಡದಿಂದ ಆ ಭಾರಕ್ಕಿರುವ ದೂರವನ್ನೂ ಗುಣಿಸಿದಷ್ಟು. ಕೊಂಬೆಯ ತೂಕ 100 ಕಿಲೋಗ್ರಾಂ, ಅದರ ಗುರುತ್ವಕೇಂದ್ರವು ಕಾಂಡದಿಂದ 3 ಮೀಟರು ದೂರದಲ್ಲಿದೆ ಎಂದು ಭಾವಿಸೋಣ. ಗುಣಲಬ್ಧ 300. ಈಗ 6 ಮೀಟರು ದೂರದ ತುದಿಭಾಗದಿಂದ 20 ಕಿಲೋಗ್ರಾಂ ತೆಗೆದರೆ 120 ಕಳೆದು 180 ಉಳಿಯುತ್ತದೆ. ತೂಕ ಐದನೆಯ ಒಂದು ಪಾಲು ಇಳಿದರೆ, ಬಾಗಿಸುವ ಪ್ರಭಾವ ಐದರಲ್ಲಿ ಎರಡು ಪಾಲು ಇಳಿಯಿತು! ಅದೇ 20 ಕಿಲೋಗ್ರಾಂ ಸೊಪ್ಪನ್ನು ಕಾಂಡದಿಂದ 1 ಮೀಟರು ದೂರದಲ್ಲಿ ತರಿದರೆ ಕಳೆಯುವುದು ಕೇವಲ 20. ಕೈಗೆಟಕುವ ಒಳರೆಂಬೆಗಳನ್ನು ಬೋಳಿಸಿ ತುದಿಯ ಭಾರವನ್ನು ಹಾಗೆಯೇ ಬಿಡುವುದು ನಿಷ್ಪ್ರಯೋಜಕವೆಂಬುದು ಇದರಿಂದ ಸ್ಪಷ್ಟ.

ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಮಳೆಯಲ್ಲಿ ನೆನೆದ ಎಲೆಗಳ ಭಾರವೂ ಇದರೊಡನೆ ಸೇರುತ್ತದೆ. ವಾಹನಗಳಿಗೆ ದಾರಿ ಮಾಡಲೆಂದು ಮರದ ಒಂದೇ ಪಕ್ಕವನ್ನು ಕತ್ತರಿಸಿದರೆ ಗುರುತ್ವಕೇಂದ್ರವು ಇನ್ನೊಂದು ಪಕ್ಕಕ್ಕೆ ಸರಿದು, ಬೇರುಗಳು ಸದಾ ಓರೆಯ ಹೊರೆಯನ್ನು ತಾಳಬೇಕಾಗುತ್ತದೆ.

ಹಾಗಾದರೆ ದಾರಿ ಬಿಡಿಸುವುದು ಹೇಗೆ? ಮರ ಬೆಳೆದಂತೆ ಕೆಳಗಿನ ಕೊಂಬೆಯೂ ಮೇಲೇರುವುದೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಮರ ಎತ್ತರಕ್ಕೆ ಬೆಳೆಯುವುದು ತುದಿಗಳಲ್ಲಿ ಮಾತ್ರ. ಕಾಂಡವು ದಪ್ಪವಾಗುವುದೇ ಹೊರತು ಉದ್ದವಾಗುವುದಿಲ್ಲ. 2 ಮೀಟರು ಎತ್ತರದಲ್ಲಿ ಹೊಡೆದ ಮೊಳೆ ಇಪ್ಪತ್ತು ವರ್ಷಗಳ ಅನಂತರವೂ ಅಲ್ಲಿಯೇ ಇರುತ್ತದೆ. ಅಲ್ಲಿ ಹುಟ್ಟಿದ ಕೊಂಬೆಯೂ ಅಷ್ಟೆ. ಎರಡಂತಸ್ತಿನ ಬಸ್ಸಿನ ಎತ್ತರ 4.75 ಮೀಟರಿನವರೆಗೆ ಇರಬಹುದೆಂದು ನಮ್ಮ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕಾಲುದಾರಿಯ ಮೇಲೆ 2.2 ಮೀಟರಾದರೂ ತೆರವಿರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂಚನೆ. ಈ ಎತ್ತರಗಳಿಗೆ ಅಡ್ಡಬರುವ ಕೊಂಬೆಗಳನ್ನು ಮರವು ಎಳೆಯದಿರುವಾಗಲೇ, ಅವು ಬೆರಳುಗಾತ್ರವಿರುವಾಗಲೇ, ಕೆಲವು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯುವುದು ಲೇಸು.

ಏಕೆಂದರೆ ಮರದ ಗಾಯವು ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರವು ತಡೆಗೋಡೆಗಳನ್ನು ಕಟ್ಟಿ, ಅದರ ಮೇಲೆ ಹೊಸ ಪದರಗಳನ್ನು ಬೆಳೆಸುತ್ತದೆ. ಇದನ್ನು 1970ರ ದಶಕದಲ್ಲಿ ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಷೈಗೊ ವಿಶದಪಡಿಸಿದರು. ಸಣ್ಣ ಗಾಯ ಬೇಗ ಮುಚ್ಚುತ್ತದೆ. ದೊಡ್ಡದರೊಳಗೆ ಶಿಲೀಂಧ್ರಗಳು ಹೊಕ್ಕು ಮರವನ್ನು ಟೊಳ್ಳುಗೊಳಿಸುತ್ತವೆ. ದಪ್ಪ ಕೊಂಬೆಯನ್ನು ನಡುವೆ ಮೊಟಕುಗೊಳಿಸಿದರೆ ಮೋಟಿನಿಂದ ಗುಂಪುಗುಂಪಾಗಿ ಚಿಗುರುವ ರೆಂಬೆಗಳು ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುವುದರಿಂದ ಸುಲಭವಾಗಿ ಕಿತ್ತುಬರುತ್ತವೆ.

ದಪ್ಪ ಕೊಂಬೆಯನ್ನು ತೆಗೆಯಲೇಬೇಕಾದರೆ ಮೂರು ಬಾರಿ ಗರಗಸ ಆಡಿಸಬೇಕು. ಮೊದಲು ಕಾಂಡದಿಂದ ಒಂದಡಿಯಷ್ಟು ಆಚೆ, ಕೆಳಗಿನಿಂದ ಸ್ವಲ್ಪ ಆಳಕ್ಕೆ. ಬಳಿಕ ಅದಕ್ಕಿಂತ ತುಸು ಹೊರಗೆ, ಮೇಲಿನಿಂದ ಪೂರ್ತಿಯಾಗಿ. ಆಗ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸುಲಿಯುವುದಿಲ್ಲ. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಬಳೆಯಂತೆ ಉಬ್ಬಿದ ಭಾಗಕ್ಕೆ ತಾಗದಂತೆ, ಅದರ ಹೊರಗಡೆ ಕತ್ತರಿಸಬೇಕು. ಗಾಯವನ್ನು ಮುಚ್ಚುವ ಪದರ ಬೆಳೆಯುವುದು ಈ ಉಬ್ಬಿನಿಂದಲೇ.

ಮುಂದೆ ಇಂಜಿನಿಯರುಗಳೋ ನಗರಾಡಳಿತದ ಅಧಿಕಾರಿಗಳೋ ಆಗಲಿರುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಸಸಿಯ ಬಳಿ ಕತ್ತರಿ ಹಿಡಿದ ಐದು ನಿಮಿಷ, ಮೂವತ್ತು ವರ್ಷಗಳ ಅನಂತರ ಆ ನೆರಳಿನಲ್ಲಿ ನಡೆಯುವವನ ತಲೆಯನ್ನು ಕಾಯುತ್ತದೆ, ಮರವನ್ನೂ ಉಳಿಸುತ್ತದೆ.